ಎರಡನೆಯ ಸುತ್ತು

ತಮ್ಮೂರು ಕುಂಭಾರಿ ಬಿಟ್ಟು ಕಾಲು ಗಂಟೆಯಾಗಿರಬಹುದು. ಅಮೋಲನ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ, ತಲೆಯ ಟೋಪಿಯನ್ನು ಗಾಳಿ ಹಾರಿಸದಂತೆ ಒಂದು ಕೈಯಲ್ಲಿ ಒತ್ತಿಕೊಂಡು ಕೂತಿದ್ದ ಖಂಡಪ್ಪ, ಸುಮ್ಮನಿದ್ದರೆ ನಿದ್ದೆ ಬಂದೀತೆಂದು ಒಂದು ಮಾತು ಕೇಳಿದ. "ಜೋಕಾಲಿ ಪೈಪಿಗಿ ಎರಡನೇ ಸುತ್ತು ಚಲೋ ಕೂತದೇನು?" ಗಾಳಿಗೆ ಅದು ಅಮೋಲನಿಗೆ ಕೇಳಿಸಲಿಲ್ಲ. ಖಂಡಪ್ಪ ಅವನ ಕಿವಿಯ ಹತ್ತಿರ ಬಾಗಿ ಮತ್ತೆ ಕೇಳಿದ.

"ಯಾವ ಎರಡನೇ ಸುತ್ತು ಕಾಕಾ? ನೀವ ಅದರ ಮ್ಯಾಲ ಶೂನ್ಯ ಬರದಿದ್ರಲ್ಲ. ಏನೂ ಉಳದಿಲ್ಲ ಅಂತ ಗ್ರೈಂಡರ್ ಹೊಡದು, ಪುಟ್ಟಿ ಹಚ್ಚಿ, ಕಲರ್ ಮಾಡಿಬಿಟ್ಟೆ. ಎಷ್ಟ ನುಣ್ಣಗ ಆಗೇದ ಅಂದ್ರ, ಜೋಡ ಎಲ್ಲದ ಅಂತ ಈಗ ನನಗ ಸಿಗಂಗಿಲ್ಲ."

ಅಮೋಲನ ದನಿಯಲ್ಲಿ ಹೆಮ್ಮೆಯಿತ್ತು. ಖಂಡಪ್ಪ "ಹೂಂ" ಎಂದ. ಹಾಗೆಂದದ್ದೇ ತಪ್ಪಾಯಿತೆಂದು ಆ ಕ್ಷಣಕ್ಕೇ ಅನ್ನಿಸಿತು. ಒಮ್ಮೆ ಹೂಂಗುಟ್ಟಿದ ಮೇಲೆ ಬೇರೆ ಮಾತು ತೆಗೆಯುವುದು ಕಷ್ಟ. ಅವನು ಸೊನ್ನೆ ಬರೆದಿರಲಿಲ್ಲ. ಒಂದು ಬರೆದಿದ್ದ. ಕನ್ನಡದ ಒಂದು, ೧. ದಿನದ ಕೆಲಸ ಬಿಡುವಾಗ, ಪೈಪಿಗೆ ಪೈಪು ಕೂಡುವ ಪ್ರತಿಯೊಂದು ಜೋಡಿನ ಪಕ್ಕದಲ್ಲಿ ಇನ್ನೆಷ್ಟು ಸುತ್ತು ವೆಲ್ಡಿಂಗ್ ಉಳಿದಿದೆ ಎಂದು ಸೀಮೆಸುಣ್ಣದಿಂದ ಬರೆದಿಡುವುದು ಅವರಿಬ್ಬರ ಹನ್ನೊಂದು ವರ್ಷದ ರೂಢಿ. ಸೊನ್ನೆ ಎಂದರೆ ಮುಗಿಯಿತು, ಬಣ್ಣಕ್ಕೆ ಬಿಡಬಹುದು. ಬರೆಯುತ್ತಿದ್ದದ್ದು ಎಲ್ಲರೂ ಬರೆಯುವ ಇಂಗ್ಲಿಷ್ ಅಂಕಿಯಲ್ಲಿ. ಆವತ್ತು ಒಂದು ದಿನ, ಒಂದೇ ಒಂದು ಜೋಡಿನ ಮೇಲೆ ಅವನು ಕನ್ನಡದಲ್ಲಿ ಬರೆದಿದ್ದ. ತುಕ್ಕು ಹಿಡಿದ ಒರಟು ಪೈಪಿನ ಮೇಲೆ ಆ ಅಂಕಿಯ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಯಾರು ನೋಡುತ್ತಾರೆ. ಅಮೋಲ ಮರಾಠಿ ಸಾಲೆಯಲ್ಲಿ ಕಲಿತವನು, ಅವನಿಗೆ ದುಂಡಗಿರುವುದೆಲ್ಲ ಸೊನ್ನೆ. ಅವನಿಗೆ ಅದು ತಿಳಿಯುವುದಿಲ್ಲ ಎಂದು ಖಂಡಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ.

ರಸ್ತೆಯ ಎರಡೂ ಕಡೆ ಕಬ್ಬು ನಿಂತಿತ್ತು. ಹೋದ ವಾರ ಕಣ್ಣಿನ ಡಾಕ್ಟರು ಎಡಗಣ್ಣಿಗೆ ಮೋತಿಬಿಂದುವಿನ ಪೊರೆ ಬಂದಿದೆ, ಒಂದು ತಿಂಗಳು ಬೆಂಕಿಯ ಕೆಲಸ ಬೇಡ ಎಂದು ಹೇಳಿದಾಗಿನಿಂದ ಅವನಿಗೆ ಎಲ್ಲ ಹಸಿರೂ ಒಂದೇ ಬಗೆಯಾಗಿ, ತೊಳೆದ ಹಾಗೆ ಕಾಣುತ್ತಿತ್ತು. ನಿಜಕ್ಕೂ ಹಾಗೆ ಕಾಣುತ್ತಿತ್ತೋ ಡಾಕ್ಟರು ಹೇಳಿದ್ದರಿಂದ ಕಾಣತೊಡಗಿತೋ. ಮೂವತ್ತನಾಲ್ಕು ವರ್ಷ ಕರಿಗಾಜಿನ ಹಿಂದಿನಿಂದ ಆ ಬೆಳಕನ್ನು ನೋಡಿದ್ದಾನೆ, ಗಾಜಿಲ್ಲದೆಯೂ ಎಷ್ಟೋ ಸಲ ನೋಡಿದ್ದಾನೆ; ರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗಿ ಹೆಂಡತಿ ಲೀಲಾಬಾಯಿ ಹಾಲಿನ ಅರಿವೆ ಇಟ್ಟದ್ದಕ್ಕೆ ಲೆಕ್ಕವಿಲ್ಲ. ಈಗ ದಣಿವು ಕಣ್ಣಿಂದ ಶುರುವಾಗಿ ಮೊಣಕಾಲಿಗೆ ಇಳಿಯುತ್ತದೆ. ಬೆಳಿಗ್ಗೆ ಆಕೆ ಕಣ್ಣಿಗೆ ಹನಿ ಹಾಕುತ್ತ, "ಇವತ್ತ ನಿಮಗ ಆಯಾರ ಮಾಡ್ತಾರಂತ. ಜರಾ ನಗುಮುಖ ಮಾಡಿ ನಿಂದರ್ರಿ," ಎಂದಿದ್ದಳು. ಕೆಲಸ ಮುಗಿಸಿದ ಮಿಸ್ತ್ರಿಗೆ ಮನೆಯವರು ಟೋಪಿ, ಟವೆಲ್ಲು, ಕಾಯಿ ಕೊಟ್ಟು ಕುಂಕುಮ ಹಚ್ಚುವುದು. ಅದಕ್ಕಾಗಿಯೇ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಕ್ಕಲಕೋಟೆಗೆ ಹೊರಟಿದ್ದ.

ಆವತ್ತು ನಡೆದದ್ದು ದೊಡ್ಡದೇನೂ ಅಲ್ಲ. ಬೇರೆ ಯಾರಿಗಾದರೂ ಹೇಳಿದರೆ ನಕ್ಕಾರು. ಮಾಳಿಗೆಯ ಕೆಲಸ ಕೊಟ್ಟ ಸಾತಲಿಂಗಪ್ಪನವರ ಸೊಸೆ ಶುಭಾಂಗಿ ಮೆಟ್ಟಿಲ ಕಟಕಟೆಯ ಅಳತೆ ಬರೆದುಕೊಡಿ ಎಂದು ವಹಿಯನ್ನೂ ಪೆನ್ನನ್ನೂ ಖಂಡಪ್ಪನ ಕೈಗೆ ಕೊಟ್ಟಿದ್ದಳು. ಅವನು ಅಂಗಿಗೆ ಕೈ ಒರೆಸಿಕೊಂಡು ಪೆನ್ನು ಹಿಡಿದಿದ್ದ. ಅಮೋಲ ಬಂದು ಆ ಪೆನ್ನನ್ನು ಅವನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು, "ಕಾಕಾಂನಾ ಲಿಹಾಯ್ಲಾ ಯೇತ ನಾಹಿ," ಎಂದು ಮರಾಠಿಯಲ್ಲಿ ನಗುತ್ತ ಹೇಳಿ, ತಾನೇ ಬರೆದುಕೊಟ್ಟ. ಕಾಕಾಗೆ ಬರೆಯಲಿಕ್ಕೆ ಬರುವುದಿಲ್ಲ. ಆಕೆಯೂ ನಕ್ಕಳು, ಕೆಟ್ಟ ನಗೆಯೇನಲ್ಲ. ಖಂಡಪ್ಪ ಏಳನೆಯ ಇಯತ್ತೆಯವರೆಗೆ ಊರಿನ ಕನ್ನಡ ಸಾಲೆಯಲ್ಲಿ ಓದಿದವನು. ಮಾಸ್ತರರು ಅವನ ಪಾಟಿಯನ್ನು ಎತ್ತಿ ಹಿಡಿದು ಅಕ್ಷರ ಅಂದರೆ ಹೀಗಿರಬೇಕು ಎಂದು ಇಡೀ ವರ್ಗಕ್ಕೆ ತೋರಿಸಿದ್ದರು. ಅಮೋಲನ ಮನೆಮಾತೂ ಕನ್ನಡವೇ. ಆದರೆ ಅವನಿಗೆ ಅಕ್ಕಲಕೋಟೆಯ ಹಳೆಯ ಅಂಗಡಿಗಳ ಮೇಲಿನ ಕನ್ನಡ ಬೋರ್ಡು ಬರೀ ಚಿತ್ರ. ಇದನ್ನೆಲ್ಲ ಹೇಳಬಹುದಾಗಿತ್ತು. ಹೇಳದೆ ಅವನು ನಿಚ್ಚಣಿಕೆ ಹತ್ತಿ, ಜೋಕಾಲಿಯ ಪೈಪಿಗೆ ಮೊದಲ ಸುತ್ತು ಹಾಕಿದ. ಅದು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಜೇಬಿನಿಂದ ಸೀಮೆಸುಣ್ಣ ತೆಗೆದು ಬಾಕಿ ಒಂದು ಎಂದು ಕನ್ನಡದಲ್ಲಿ, ಮಾಸ್ತರರು ಮೆಚ್ಚುವ ಹಾಗೆ ದುಂಡಗೆ ಬರೆದ. ಓದು ಮಗನೇ, ಬರುತ್ತದಾದರೆ ಓದು, ಎಂದುಕೊಂಡ. ಆಗ ಎದೆಯಲ್ಲಿ ಒಂದು ತಂಪು ಸುಳಿದದ್ದು ಅವನಿಗೆ ಚೆನ್ನಾಗಿ ನೆನಪಿದೆ. ಮರುದಿನ ಕೇಳುತ್ತಾನೆ, ಇದೇನು ಕಾಕಾ ಎಂದು ಕೇಳಲೇಬೇಕು, ಆಗ ತಾನೂ ನಕ್ಕು ಹೇಳಬೇಕು ಎಂಬುದಷ್ಟೇ ಅವನ ಹಂಚಿಕೆಯಾಗಿತ್ತು. ಆದರೆ ಮರುದಿನ ಕಣ್ಣು ತೋರಿಸಲು ಸೊಲ್ಲಾಪುರಕ್ಕೆ ಹೋಗಬೇಕಾಯಿತು, ಅದರ ಮರುದಿನವೂ. ಆಮೇಲೆ ಡಾಕ್ಟರ ಮಾತು ಕೇಳಿ ಮನೆಯಲ್ಲೇ ಮಲಗಿದ. ಅಮೋಲ ಏನನ್ನೂ ಕೇಳದೆ ಕೆಲಸ ಮುಗಿಸಿದ.

ವಳಸಂಗದ ಹತ್ತಿರ ಅಮೋಲ ಚಹಾಕ್ಕೆ ಗಾಡಿ ನಿಲ್ಲಿಸಿದ. ಈಗ ಹೇಳಬೇಕು ಎಂದು ಖಂಡಪ್ಪ ನಿಶ್ಚಯ ಮಾಡಿದ. ಇಬ್ಬರೇ ಇದ್ದಾರೆ, ವೆಲ್ಡಿಂಗ್ ಮಷೀನು ಇನ್ನೂ ಆ ಮನೆಯ ಮಾಳಿಗೆಯ ಮೇಲೇ ಇದೆ, ಜೋಕಾಲಿಯ ಪೂಜೆಗೆ ಮೊದಲೇ ಹೋಗಿ ಒಂದು ಸುತ್ತು ಎಳೆದರೆ ಅರ್ಧ ಗಂಟೆಯ ಕೆಲಸ. ಅಮೋಲ ಬಶಿಯಲ್ಲಿ ಚಹಾ ಸುರಿದುಕೊಂಡು, ತನ್ನ ಹೆಂಡತಿ ದೀಪಾಲಿ ಹೇಳುತ್ತಿದ್ದುದನ್ನು ಹೇಳುತ್ತಿದ್ದ. ಕಾಕಾರ ಕಣ್ಣಿನ ಆಪರೇಷನ್ನಿಗೆ ಆಕೆಯೂ ಸೊಲ್ಲಾಪುರಕ್ಕೆ ಬಂದು ಕಾಕು ಲೀಲಾಬಾಯಿಯ ಜೊತೆ ಆಸ್ಪತ್ರೆಯಲ್ಲಿ ಇರುತ್ತಾಳಂತೆ. ಖಂಡಪ್ಪ, "ಅಮೋಲ," ಎಂದ.

"ಏನ್ ಕಾಕಾ?"

"ಏನಿಲ್ಲ. ಸಕ್ಕರಿ ಭಾಳ ಹಾಕ್ಯಾನ ಇಂವ."

ಪೈಪು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದು ಅವನು ಮತ್ತೆ ಗಾಡಿ ಹತ್ತಿದ ಮೇಲೆ ತನಗೆ ತಾನೇ ಹೇಳಿಕೊಂಡ. ಮಾಳಿಗೆಯ ಅಗಲ ಇಪ್ಪತ್ನಾಲ್ಕು ಅಡಿ, ಪೈಪು ಬರುವುದು ಇಪ್ಪತ್ತು ಅಡಿ, ಅದಕ್ಕೇ ನಾಲ್ಕು ಅಡಿಯ ತುಂಡು ಸೇರಿಸಿ ಜೋಡು ಹಾಕಬೇಕಾಯಿತು. ಹತ್ತು ಕಂಬ, ಕಮಾನು, ಮೇಲೆ ತಗಡಿನ ಪತ್ರೆ, ಎಲ್ಲ ಸೇರಿ ಎರಡು ತಿಂಗಳ ಕೆಲಸ; ಅಷ್ಟರಲ್ಲಿ ಭಾರ ತೂಗುವ ಪೈಪು ಇದೊಂದೇ, ಮತ್ತು ಜೋಕಾಲಿಯ ಒಂದು ಕೊಂಡಿ ಜೋಡಿನಿಂದ ಗೇಣು ದೂರದಲ್ಲಿದೆ. ಮೊದಲ ಸುತ್ತೊಂದೇ ಇದ್ದಿದ್ದರೂ ಹೇಗೋ ತಡೆಯುತ್ತಿತ್ತು. ಆದರೆ ಅದನ್ನು ಅಮೋಲ ಗ್ರೈಂಡರಿನಿಂದ ನುಣ್ಣಗೆ ಸವರಿಬಿಟ್ಟಿದ್ದಾನೆ. ಉಳಿದದ್ದು ಎಷ್ಟು? ಹಪ್ಪಳದಷ್ಟು. ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬೂದು ಬಣ್ಣ. ಇವತ್ತು ಕೂತವರು ಬೀಳಲಿಕ್ಕಿಲ್ಲ, ನಾಳೆಯೂ ಬೀಳಲಿಕ್ಕಿಲ್ಲ. ತೂಗಿ ತೂಗಿ ಒಂದು ದಿನ ಬಿಟ್ಟೀತು, ಆಗ ಅದರಲ್ಲಿ ಯಾರು ಕೂತಿರುತ್ತಾರೆಂದು ಅವನು ಯೋಚಿಸಲು ಹೋಗಲಿಲ್ಲ. ಯೋಚನೆ ತಾನಾಗಿಯೇ ಬಂತು, ಸಾತಲಿಂಗಪ್ಪನವರ ತಾಯಿ ಪಾರ್ವತಿಬಾಯಿಯ ಮುಖ ಹೊತ್ತುಕೊಂಡು. ಹಳೆಯ ಮನೆಯಲ್ಲಿ ತೊಲೆಗೆ ಜೋಕಾಲಿ ಇತ್ತು, ಸ್ಲ್ಯಾಬಿನ ಮನೆಯಲ್ಲಿ ಕೊಂಡಿಗೆ ಜಾಗವಿಲ್ಲ ಎಂದು ಆಕೆ ಮೂರು ವರ್ಷ ಮಗನ ಬೆನ್ನುಹತ್ತಿ ಈ ಕೆಲಸ ಹಿಡಿಸಿದ್ದಳು.

ಇವರು ಮುಟ್ಟುವಷ್ಟರಲ್ಲಿ ಮಾಳಿಗೆ ತೊಳೆದಿದ್ದರು. ಪೈಪುಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಕಂಬಗಳಿಗೆ ಚೆಂಡುಹೂವಿನ ಸರ ಕಟ್ಟಿದ್ದರು. ಹಳೆಯ ಸಾಗವಾನಿ ಹಲಗೆಗೆ ಎಣ್ಣೆ ತಿಕ್ಕಿ, ಹಿತ್ತಾಳೆಯ ಸರಪಳಿಯಲ್ಲಿ ತೂಗುಹಾಕಿದ್ದರು. ಖಂಡಪ್ಪ ಹೊಸಿಲು ದಾಟಿದ ಕೂಡಲೆ ತಲೆಯೆತ್ತಿ ಆ ಪೈಪನ್ನು ನೋಡಿದ. ನಿಜವಾಗಿಯೂ ಜೋಡು ಕಾಣಲಿಲ್ಲ. ಬಲಗಣ್ಣು ಮುಚ್ಚಿ ನೋಡಿದ, ಎಡಗಣ್ಣು ಮುಚ್ಚಿ ನೋಡಿದ. ಸೊಲ್ಲಾಪುರದ ನವಿ ಪೇಠೆಯ ತಮ್ಮ ಅರಿವೆ ಅಂಗಡಿಯನ್ನು ಇವತ್ತು ತಡವಾಗಿ ತೆರೆಯಲು ಹೇಳಿ ಬಂದಿದ್ದ ಸಾತಲಿಂಗಪ್ಪ ಅವನ ಹೆಗಲ ಮೇಲೆ ಕೈ ಇಟ್ಟು, "ಕಣ್ಣು ಹೋದರೂ ಕೈ ಹೋಗಿಲ್ಲ ಬಿಡು ಖಂಡಪ್ಪ. ಜೋಡ ಹುಡುಕಿ ತೋರಿಸಿದವರಿಗಿ ಶಾಲು ಕೊಡ್ತೀನಿ ಅಂತ ಎಲ್ಲಾರಿಗೂ ಹೇಳೀನಿ," ಎಂದು ನಕ್ಕರು. ಕುಂಕುಮ ಹಚ್ಚಿದರು. ಕಾಯಿ, ಟವೆಲ್ಲು ಕೊಟ್ಟರು. ಹಳೆಯ ಟೋಪಿ ತೆಗೆಸಿ ಹೊಸ ಟೋಪಿ ಇಟ್ಟರು, ಅದು ಒಂದು ಬೆರಳು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅಮೋಲನಿಗೂ ಟವೆಲ್ಲು ಕೊಟ್ಟರು. ಅಮೋಲ ಅದನ್ನು ಹಣೆಗೆ ಒತ್ತಿಕೊಂಡು ಬಗ್ಗಿ ಮೊದಲು ಖಂಡಪ್ಪನ ಕಾಲು ಮುಟ್ಟಿದ. ಖಂಡಪ್ಪನಿಗೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನ್ನಿಸಿತು.

"ಕಟ್ಟಿದಾಂವ ಮೊದಲ ಕೂಡಬೇಕು," ಎಂದಳು ಪಾರ್ವತಿಬಾಯಿ. "ನಮ್ಮ ಅತ್ತಿ ಮನ್ಯಾಗ ಬಡಿಗ್ಯಾನ ಮೊದಲ ಕುಂದರಿಸಿದ್ರು. ಅಂವ ಕೂತ ಎದ್ದಮ್ಯಾಲೇ ಮನಿ ಹೆಣ್ಣಮಕ್ಕಳು ಕೂಡೋದು. ಕುಂದರು ಖಂಡಪ್ಪ."

ಇಂಥದೊಂದು ಪದ್ಧತಿ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಹಲಗೆಯ ತುದಿಯಲ್ಲಿ ಕೂತ. ಕೂತ ಎನ್ನುವುದೂ ಪೂರ್ತಿ ನಿಜವಲ್ಲ. ಹೆಬ್ಬೆರಳುಗಳನ್ನು ನೆಲಕ್ಕೆ ಊರಿ, ಅರ್ಧ ಭಾರವನ್ನು ಕಾಲ ಮೇಲೇ ಹಿಡಿದುಕೊಂಡಿದ್ದ. ಶುಭಾಂಗಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಸಾತಲಿಂಗಪ್ಪ ಹಿಂದಿನಿಂದ ಮೆಲ್ಲಗೆ ನೂಕಿದರು. ಸರಪಳಿ ಒಂದು ಸಲ ಕಿರುಗುಟ್ಟಿ ಸುಮ್ಮನಾಯಿತು. ಪೈಪು ತಾಳಿತು. ಅದು ತಾಳಿದ್ದರಿಂದ ಅವನಿಗೆ ಸಮಾಧಾನವಾಗಲಿಲ್ಲ, ಯಾಕೆಂದರೆ ಅದರ ಮೇಲೆ ತನ್ನ ಪೂರ್ತಿ ಭಾರ ಬಿದ್ದೇ ಇರಲಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ತಾನು ಕೂಡಲು ಹೆದರುವ ಜಾಗದಲ್ಲಿ ಬೇರೆಯವರನ್ನು ಕೂಡಿಸಿ ಹೋಗುವ ಮನುಷ್ಯ ತಾನು ಎಂದು ಮನಸ್ಸಿಗೆ ಬಂದಾಗ ಅವನಿಗೆ ಅಸಹ್ಯವಾಯಿತು. ಅವನು ಎದ್ದ. ಪಾರ್ವತಿಬಾಯಿ ಸೆರಗು ಸರಿಮಾಡಿಕೊಂಡು ಹಲಗೆಯ ನಡುವೆ ಬಂದು ಕೂತು, ಕಾಲು ಮಡಚಿ ಮೇಲಿಟ್ಟುಕೊಂಡು, ಪೂರ್ತಿ ಭಾರ ಬಿಟ್ಟಳು. ಆಮೇಲೆ ಶುಭಾಂಗಿಯ ನಾಲ್ಕು ವರ್ಷದ ಮಗಳಿಗೆ, "ಬಾ ನನ್ನ ಬಂಗಾರ, ಮುತ್ತ್ಯಾಯಿ ತೊಡಿ ಮ್ಯಾಲ ಬಾ," ಎಂದು ಕೈ ಚಾಚಿದಳು.

"ಅವ್ವಾರ, ಇಳೀರಿ," ಎಂದ ಖಂಡಪ್ಪ.

ಅಷ್ಟು ಮೆಲ್ಲಗೆ ಹೇಳಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಅವನು ಹೋಗಿ ಸರಪಳಿ ಹಿಡಿದು ಜೋಕಾಲಿ ನಿಲ್ಲಿಸಿದ. "ಇಳೀರಿ ಅವ್ವಾರ. ಮ್ಯಾಲಿನ ಜೋಡ ಅರ್ಧ ಆಗೇದರಿ. ಇನ್ನೊಂದು ಸುತ್ತು ಉಳದದ."

ಸಾತಲಿಂಗಪ್ಪನವರಿಗೆ ನಗೆ ಬಂತು. ಈಗಷ್ಟೇ ಕೂತು ಎದ್ದೆಯಲ್ಲ, ಏನೂ ಆಗಲಿಲ್ಲವಲ್ಲ ಎಂದರು. ಅಮೋಲ ಹತ್ತಿರ ಬಂದು ಅವನ ತೋಳು ಹಿಡಿದು, ಆಸ್ಪತ್ರೆಯಲ್ಲಿ ರೋಗಿಗೆ ಹೇಳುವ ದನಿಯಲ್ಲಿ, "ಕಾಕಾ, ಆಗೇದ ಅದು. ನೀವಽ ಮುಗಿಸೀರಿ, ಮರತೀರಿ," ಎಂದ. ಮತ್ತೆ ಮನೆಯವರ ಕಡೆ ತಿರುಗಿ, "ಔಷಧ ಹಾಕಾಕತ್ತಾರರಿ, ಜರಾ ಗೊಂದಲ ಆಗ್ತದ," ಎಂದ. ಎಲ್ಲರ ಮುಖದಲ್ಲೂ ಒಂದು ಕರುಣೆ ಕಾಣಿಸಿತು. ಇಲ್ಲಿಗೆ ಬಿಟ್ಟರೂ ಆಗುತ್ತಿತ್ತು. ಹೇಳುವುದನ್ನು ಹೇಳಿಯಾಯಿತು, ಅವರೇ ನಂಬಲಿಲ್ಲ ಎಂದು ಮನೆಗೆ ಹೋಗಿ ಮಲಗಬಹುದಿತ್ತು. ಎಷ್ಟು ಸುಸ್ತಾಗಿತ್ತೆಂದರೆ ಅವನಿಗೆ ಆ ಕ್ಷಣ ಮಲಗುವುದೊಂದೇ ಬೇಕಾಗಿತ್ತು. ಅವನು ಮೂಲೆಯಲ್ಲಿದ್ದ ನಿಚ್ಚಣಿಕೆ ತಂದು ಇಟ್ಟ, ಗ್ರೈಂಡರಿಗೆ ವೈರು ಜೋಡಿಸಿದ, ಯಾರೂ ತಡೆಯುವ ಮೊದಲೇ ಹತ್ತಿದ. ಕಣ್ಣಿಗೆ ಜೋಡು ಸಿಗಲಿಲ್ಲ. ಕೊಂಡಿಯಿಂದ ಗೇಣು ಅಳೆದು, ಉಗುರಿನಿಂದ ಕೆರೆದು, ಪುಟ್ಟಿ ಮೆತ್ತಗಿದ್ದಲ್ಲಿ ಗ್ರೈಂಡರು ಇಟ್ಟ. ಬೂದು ಬಣ್ಣ ಹೊಗೆಯಾಗಿ ಕೆಳಗೆ ತೊಳೆದ ನೆಲದ ಮೇಲೆ, ಹೂವಿನ ಮೇಲೆ, ಪೂಜೆಯ ತಾಟಿನ ಮೇಲೆ ಉದುರಿತು. ಪುಟ್ಟಿ ಉದುರಿತು. ಅದರ ಕೆಳಗೆ ಪೈಪಿನ ಅರ್ಧ ಸುತ್ತಳತೆಗೆ ಕೂದಲಿನಷ್ಟು ಸಣ್ಣ ಕರಿ ಗೆರೆ ಬಿಟ್ಟುಕೊಂಡಿತ್ತು.

ಸಾತಲಿಂಗಪ್ಪನವರೂ ಅವನ ಹಿಂದೆಯೇ ನಿಚ್ಚಣಿಕೆಯ ನಾಲ್ಕು ಮೆಟ್ಟಿಲು ಹತ್ತಿ ನೋಡಿದರು. ಇಳಿದು ಬಂದಾಗ ಅವರ ಮುಖದಲ್ಲಿ ನಗೆ ಇರಲಿಲ್ಲ. ಅಷ್ಟರಲ್ಲಿ ಪಾರ್ವತಿಬಾಯಿ ಮಗುವನ್ನು ಎತ್ತಿಕೊಂಡು ದೂರ ಸರಿದು ನಿಂತಿದ್ದಳು.

"ಶೂನ್ಯ ಇತ್ತರಿ ಅದರ ಮ್ಯಾಲ. ನಾ ಕಣ್ಣಾರೆ ನೋಡೀನಿ," ಎಂದ ಅಮೋಲ.

"ಶೂನ್ಯ ಅಲ್ಲ. ಒಂದು," ಎಂದ ಖಂಡಪ್ಪ ಮೇಲಿನಿಂದ. "ಕನ್ನಡದ ಒಂದು."

ಸಾತಲಿಂಗಪ್ಪ ಅಮೋಲನ ಕಡೆ ತಿರುಗಿದರು. "ಮನ್ಯಾಗ ಮಾತಾಡೋದು ಕನ್ನಡ. ಒಂದು ಅಂಕಿ ಓದಾಕ ಬರಂಗಿಲ್ಲೇನೋ ನಿನಗ? ನನ್ನ ಮೊಮ್ಮಗಳು ಕೂತಿದ್ಳು ಅಂದ್ರ ಏನಾಗ್ತಿತ್ತು? ಓದಾಕ ಬರಲಿಲ್ಲ ಅಂದ್ರ ಕೇಳಬೇಕಿಲ್ಲೇನು? ಅಡಾಣಿ, ಓದು ಬರದಾಂವ." ಶುಭಾಂಗಿ ಮೊಬೈಲು ಕೆಳಗಿಳಿಸಿ ಅಮೋಲನನ್ನೇ ನೋಡುತ್ತಿದ್ದಳು. ಅಮೋಲನ ಕಿವಿ ಕೆಂಪಗಾದವು. ಅವನು ಖಂಡಪ್ಪನ ಕಡೆ ಒಮ್ಮೆ ನೋಡಿ, "ನಂದಽ ಚೂಕರಿ. ಕಾಕಾಗ ಫೋನ್ ಮಾಡಿ ಕೇಳಬೇಕಿತ್ತು, ಕೇಳಲಿಲ್ಲ," ಎಂದ. "ನಾಳಿಂದ ಇವನ್ನ ನನ್ನ ಮನಿ ಕೆಲಸಕ್ಕ ಕರಕೊಂಡ ಬರಬ್ಯಾಡ ಖಂಡಪ್ಪ," ಎಂದರು ಸಾತಲಿಂಗಪ್ಪ.

ನಿಚ್ಚಣಿಕೆಯ ಮೇಲೆ ನಿಂತಿದ್ದ ಖಂಡಪ್ಪನಿಗೆ ತಾನು ಆವತ್ತು ಬಯಸಿದ್ದೆಲ್ಲ ಸಿಕ್ಕಿದೆ ಎಂದು ಹೊಳೆಯಿತು. ಅದೇ ಸೊಸೆಯ ಎದುರಿಗೆ, ಅದೇ ಮಾಳಿಗೆಯ ಮೇಲೆ, ಓದಲು ಬಾರದವನು ಯಾರೆಂದು ಗೊತ್ತಾಗಿದೆ. ಅದರಲ್ಲಿ ಸುಖದ ಒಂದು ಚೂರಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ತನ್ನ ಆಪರೇಷನ್ನಿಗೆ ಬರುತ್ತೇನೆಂದ ದೀಪಾಲಿಯ ನೆನಪಾಯಿತು. ಈಗ ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ, ಅಮೋಲ ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದು ಮರೆಯುತ್ತಾನೆ, ತಾನು ಮೊದಲಿನ ಹಾಗೆ ಅವನ ಗಾಡಿಯ ಹಿಂದೆ ಕೂತು ಮನೆಗೆ ಹೋಗಬಹುದು ಎಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು.

"ಅವನ ಚೂಕಲ್ಲರಿ ಸಾವ್ಕಾರ್ರ," ಎಂದ. "ಅವಗ ಕನ್ನಡ ಬರಂಗಿಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ದಽ ಬರದೆ. ಅವತ್ತ ನನಗ ಬರಿಯಾಕ ಬರಂಗಿಲ್ಲ ಅಂದ ನಿಮ್ಮ ಸೊಸಿ ಮುಂದ. ಸಿಟ್ಟ ಬಂದಿತ್ತು. ಅವಗ ತಿಳೀಬಾರದು ಅಂತನಽ ಬರದೆ."

ಶುಭಾಂಗಿಗೆ ತಾನು ನಕ್ಕದ್ದು ನೆನಪೇ ಇರಲಿಲ್ಲ, ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳುತ್ತಿದ್ದಳು. ಅಮೋಲ ಹೊಸ ಟವೆಲ್ಲನ್ನು ಮಡಚಿ ಕಟ್ಟೆಯ ಮೇಲಿಟ್ಟು, ಮಷೀನಿನ ವೈರು ಜೋಡಿಸಿ, ಅರ್ಥಿಂಗ್ ಹಾಕಿ, ಹೋಲ್ಡರಿಗೆ ರಾಡು ಸಿಕ್ಕಿಸಿ ನಿಚ್ಚಣಿಕೆಯ ಕೆಳಗೆ ಬಂದು ನಿಂತ. "ಇಳೀರಿ," ಎಂದ. ಖಂಡಪ್ಪ ಇಳಿದ. ಅಮೋಲ ಹತ್ತಿದ. ಖಂಡಪ್ಪ ಅಲುಗಾಡದಂತೆ ನಿಚ್ಚಣಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಮೇಲೆ ಬೆಳಕು ಹೊತ್ತಿದಾಗ ಮನೆಯ ಹೆಂಗಸರ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಕಿಡಿಗಳು ಅವನ ಇಸ್ತ್ರಿಯ ಅಂಗಿಯ ಮೇಲೆ ಬಿದ್ದು ಸಣ್ಣ ಸಣ್ಣ ತೂತು ಮಾಡುತ್ತಿದ್ದವು. ಅವನು ಕೈ ಬಿಡಲಿಲ್ಲ. ಸದ್ದು ಕೇಳಿಯೇ ಅವನಿಗೆ ತಿಳಿಯುತ್ತಿತ್ತು, ಅಮೋಲ ಅವಸರ ಮಾಡುತ್ತಿಲ್ಲ, ರಾಡು ಒಂದೇ ಹದದಲ್ಲಿ ಸುತ್ತು ಬರುತ್ತಿದೆ, ತಾನು ಕಲಿಸಿದ ಹಾಗೆಯೇ.

ಬೆಳಕು ಆರಿತು. ಅಮೋಲ ಸುತ್ತಿಗೆಯಿಂದ ಮೇಲಿನ ಕರಿಪದರು ತಟ್ಟಿ ಉದುರಿಸಿ, ಬ್ರಶ್ಶಿನಿಂದ ಉಜ್ಜಿ, ಮುಖದ ಮುಂದಿನ ಗಾಜು ಸರಿಸಿದ. ಕೆಳಗೆ ನೋಡಿದ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಕಾಕಾ ಎನ್ನದೆ ಅವನು ಖಂಡಪ್ಪನ ಜೊತೆ ಮಾತಾಡಿದ್ದಿಲ್ಲ.

"ಆಗೇದ ನೋಡ್ರಿ ಮಿಸ್ತ್ರಿ," ಎಂದ. "ಬರೋಬರ್ ಅದ ಏನು?"

ಖಂಡಪ್ಪ ತಲೆಯೆತ್ತಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಬರೋಬರ್ ಅದ ಎಂದ.